ಗಗನದಲ್ಲಿ ನಿಧಾನವೇ ಪ್ರಧಾನ

ಮುಂದೆ ಹೋಗುವವನನ್ನು ಹಿಡಿಯಬೇಕಾದರೆ ಹಿಂದಿನವನು ಬೇಗ ನಡೆಯಬೇಕೆಂಬುದು ಬಾಲಕರಿಗೂ ತಿಳಿದ ಮಾತು. ಆದರೆ ಭೂಮಿಯನ್ನು ಸುತ್ತುವ ಉಪಗ್ರಹಗಳ ವಿಷಯದಲ್ಲಿ ಈ ನ್ಯಾಯವು ಸಲ್ಲದೆಂದರೆ ವಾಚಕರಿಗೆ ಆಶ್ಚರ್ಯವಾದೀತು.

ಎರಡರ ನಡುವೆ ಬಹಳ ಅಂತರವಿದ್ದಾಗ, ಹಿಂದಿನ ಉಪಗ್ರಹವು ವೇಗವನ್ನು ಹೆಚ್ಚಿಸಿಕೊಂಡರೆ ಮೇಲಿನ ಕಕ್ಷೆಗೆ ಏರುವುದು. ಆ ಕಕ್ಷೆಯು ದೊಡ್ಡದು. ಅಲ್ಲಿ ಗತಿಯೂ ಮಂದ. ಆದಕಾರಣ ಅದು ಮತ್ತಷ್ಟು ಹಿಂದುಳಿಯುವುದು. ವೇಗವನ್ನು ತಗ್ಗಿಸಿದರೆ ಕೆಳಗಿಳಿದು, ಕಿರಿಯ ಸುತ್ತನ್ನು ಬೇಗ ಮುಗಿಸಿ, ಮುಂದಿನದನ್ನು ಸಮೀಪಿಸುವುದು. 1965ನೆಯ ಇಸವಿ ಜೂನ್ ತಿಂಗಳಲ್ಲಿ ಅಮೆರಿಕದ ಜೆಮಿನಿ 4 ನೌಕೆಯ ನಾಯಕ ಜೇಮ್ಸ್ ಮ್ಯಾಕ್‌ಡಿವಿಟ್ಟನು ತನ್ನನ್ನು ಮೇಲಕ್ಕೊಯ್ದ ರಾಕೆಟ್ಟಿನ ಭಾಗದತ್ತ ನೌಕೆಯನ್ನು ನೇರವಾಗಿ ನೂಕಿದನು. ಇಂಧನವು ವ್ಯಯವಾಯಿತು, ಸಮಾಗಮವಾಗಲಿಲ್ಲ. ಅದೇ ವರ್ಷದ ಡಿಸೆಂಬರ್ 15ರಂದು ಜೆಮಿನಿ 6ಎ ನೌಕೆಯು ಗಣಿತವು ತೋರಿದ ಮಾರ್ಗವನ್ನು ಹಿಡಿದು ಜೆಮಿನಿ 7ರ ಬಳಿಗೆ ಬಂದಿತು. ಒಮ್ಮೆ ಅವೆರಡರ ನಡುವೆ ಒಂದಡಿಯಷ್ಟೇ ಉಳಿದಿತ್ತು.

ನಮ್ಮ ಇಸ್ರೊ ಸಂಸ್ಥೆಯು ಇದೇ ವಿದ್ಯೆಯನ್ನು ಸಾಧಿಸಲೆಂದು 2024ನೆಯ ಡಿಸೆಂಬರ್ 30ರಂದು ಶ್ರೀಹರಿಕೋಟೆಯಿಂದ ಎರಡು ಉಪಗ್ರಹಗಳನ್ನು ಹಾರಿಸಿತು. ಒಂದೊಂದರ ತೂಕ ಸುಮಾರು 220 ಕಿಲೋಗ್ರಾಂ; ಕಕ್ಷೆಯ ಎತ್ತರ ಸುಮಾರು 475 ಕಿಲೋಮೀಟರ್. ಈ ಪ್ರಯೋಗಕ್ಕೆ ಸ್ಪೇಡೆಕ್ಸ್ ಎಂದು ಹೆಸರು. ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗಿಂತ ಹೆಚ್ಚಾಗಿ ಧಾವಿಸುವ ಈ ಎರಡೂ ಪರಸ್ಪರ ಸೇರುವ ವೇಗವಾದರೋ ಸೆಕೆಂಡಿಗೆ ಸುಮಾರು 10 ಮಿಲಿಮೀಟರ್ ಮಾತ್ರ! ಇರುವೆಯ ನಡಿಗೆಯೇ ಸರಿ.

ಮೊದಲು 2025ನೆಯ ಜನವರಿ 7ನೆಯ ದಿನ ಗೊತ್ತಾಗಿತ್ತು. ಪರೀಕ್ಷೆ ಇನ್ನೂ ಬೇಕೆಂದು ಅದನ್ನು 9ಕ್ಕೆ ಮುಂದೂಡಿದರು. ಉಪಗ್ರಹವು ಎಣಿಸಿದುದಕ್ಕಿಂತ ಹೆಚ್ಚು ಸರಿದುದರಿಂದ ಆ ದಿನವೂ ತಪ್ಪಿತು. 12ರಂದು ಅಂತರವು 15 ಮೀಟರಿಗೂ, ಬಳಿಕ 3 ಮೀಟರಿಗೂ ಇಳಿಯಿತು. ಅಷ್ಟರಲ್ಲಿ ಬೆಂಗಳೂರಿನ ನಿಯಂತ್ರಣ ಕೇಂದ್ರದವರು ಅವನ್ನು ಪುನಃ ದೂರಕ್ಕೆ ಸರಿಸಿದರು.

“ಇಷ್ಟು ಹತ್ತಿರ ಹೋಗಿ ಹಿಂದೆಗೆಯುವುದೇ?” ಎಂದು ನಮ್ಮ ಮನೆಯ ಹುಡುಗನು ಅಸಮಾಧಾನದಿಂದ ಕೇಳಿದನು. ಲೆಕ್ಕವನ್ನು ತಾಳೆ ನೋಡದೆ ಎಲ್ಲರಿಗಿಂತ ಮೊದಲು ತಂದೊಪ್ಪಿಸುವ ವಿದ್ಯಾರ್ಥಿಗೆ ನಾನು ಪುಸ್ತಕವನ್ನು ಹಿಂದಿರುಗಿಸುತ್ತಿದ್ದುದು ನೆನಪಾಯಿತು. ಅವರು ಆ ದಿನ ಸೇರಿಸಲು ಹೋದವರಲ್ಲ, ಪರೀಕ್ಷಿಸಲು ಹೋದವರೆಂದು ಅವನಿಗೆ ಹೇಳಿದೆನು. ಕೈಗೆ ಸಿಕ್ಕಿದಂತಿರುವ ಫಲವನ್ನು ಬಿಟ್ಟು ಬಂದು, ದತ್ತಾಂಶಗಳನ್ನು ಕೂತು ಓದುವುದಕ್ಕೂ ಧೈರ್ಯ ಬೇಕು.

ಜನವರಿ 16ರಂದು ಎರಡೂ ಒಂದಾದುವು. ಅಮೆರಿಕ, ರಷ್ಯ, ಚೀನಗಳ ಬಳಿಕ ಈ ವಿದ್ಯೆಯನ್ನು ಸಾಧಿಸಿದ ನಾಲ್ಕನೆಯ ದೇಶವು ನಮ್ಮದಾಯಿತು. ಮಾರ್ಚ್ 13ರಂದು ಅವನ್ನು ಯಾವ ಹಾನಿಯೂ ಇಲ್ಲದೆ ಬೇರ್ಪಡಿಸಿದರು. ಮುಂದೆ ಚಂದ್ರನಿಂದ ಮಣ್ಣು ತರುವುದಕ್ಕೂ, ಆಕಾಶದಲ್ಲಿ ನಿಲ್ದಾಣವನ್ನು ಕಟ್ಟುವುದಕ್ಕೂ ಇದೇ ಆಧಾರ. ಅಂದು ಬೆಳಗ್ಗೆ ಸುದ್ದಿಯನ್ನು ಓಡಿ ಬಂದು ತಿಳಿಸಿದವನು ಆ ಹುಡುಗನೇ.