ಮೇನ್ ಆಫ್ ಮಾಡಿ ಹೊರಟವರ ಕ್ಯಾಮೆರಾ

ದಸರಾ ರಜೆಗೆ ಊರು ಖಾಲಿಯಾಗುವ ಸಂಜೆ ನಮ್ಮ ಅಂಗಡಿಯ ಫೋನಿಗೆ ಪುರುಸೊತ್ತು ಇರುವುದಿಲ್ಲ. ಬೆಂಗಳೂರಿನ ಬಸವೇಶ್ವರನಗರದಲ್ಲಿ ನಮ್ಮದೊಂದು ಎಲೆಕ್ಟ್ರಿಕಲ್ ಅಂಗಡಿ. ಈಗೀಗ ಬಲ್ಬಿಗಿಂತ ಕ್ಯಾಮೆರಾ ವ್ಯಾಪಾರವೇ ಜಾಸ್ತಿ. ಏಣಿ ಹತ್ತಿ ವೈರ್ ಎಳೆಯುವುದು ಯಜಮಾನರು ಮತ್ತು ಹುಡುಗರ ಕೆಲಸ. ಫೋನ್ ಎತ್ತುವುದು, ಬೈಸಿಕೊಳ್ಳುವುದು ನನ್ನ ಪಾಲು. “ಅಕ್ಕಾ, ಕ್ಯಾಮೆರಾ ಆಫ್‌ಲೈನ್ ಅಂತ ತೋರಿಸ್ತಿದೆ, ಸ್ವಲ್ಪ ಹುಡುಗನ್ನ ಕಳಿಸ್ತೀರಾ?” ಎಲ್ಲಿದ್ದೀರಿ ಅಂತ ಕೇಳಿದರೆ ಮೈಸೂರು ರಸ್ತೆ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ, ಧರ್ಮಸ್ಥಳದ ಬಸ್ಸಿನೊಳಗೆ. ಬೀಗದ ಕೈ ಎಲ್ಲಿ? ಅವರ ವ್ಯಾನಿಟಿ ಬ್ಯಾಗಿನಲ್ಲಿ.

ಇಂಥ ಕರೆಗಳಲ್ಲಿ ಕ್ಯಾಮೆರಾ ನಿಜವಾಗಿ ಕೆಟ್ಟಿರುವುದು ಅಪರೂಪ. ನಾನು ಮೊದಲು ಕೇಳುವ ಪ್ರಶ್ನೆಯೇ “ಹೊರಡುವಾಗ ಮೇನ್ ಆಫ್ ಮಾಡಿದ್ರಾ?” ಅಂತ. ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ, “ಹೌದಲ್ಲಾ, ಅತ್ತೆಯವರು ಮಾಡಿದ್ರು.”

ಅತ್ತೆಯವರದೇನೂ ತಪ್ಪಿಲ್ಲ. ರಾಜಾಜಿನಗರ, ವಿಜಯನಗರದ ಹಳೇ ಮನೆಗಳಲ್ಲಿ ಊರಿಗೆ ಹೊರಡುವುದಕ್ಕೆ ಒಂದು ವಿಧಿಯೇ ಇದೆ. ಗ್ಯಾಸ್ ರೆಗ್ಯುಲೇಟರ್ ತಿರುಗಿಸು, ಸಂಪಿನ ಮುಚ್ಚಳ ನೋಡು, ಹಾಲಿನವನಿಗೆ ಹೇಳು, ದೇವರ ದೀಪ ಶಾಂತವಾಯಿತೇ ನೋಡು, ಕಡೆಗೆ ಮೇನ್ ಆಫ್ ಮಾಡು. ಮೂವತ್ತು ನಲವತ್ತು ವರ್ಷದ ವೈರಿಂಗ್ ಇರುವ ಮನೆಗೆ ಅದು ಬುದ್ಧಿವಂತಿಕೆಯ ಕೆಲಸ. ಆದರೆ ಬ್ಯಾಟರಿಯದ್ದನ್ನು ಬಿಟ್ಟರೆ ವೈಫೈ ಕ್ಯಾಮೆರಾಕ್ಕೂ ಕರೆಂಟು ಬೇಕು, ರೂಟರಿಗೂ ಬೇಕು, ಫೈಬರ್ ಎಳೆ ಬಂದು ಸೇರುವ ಸಣ್ಣ ಡಬ್ಬಿಗೂ ಬೇಕು. ಬ್ಯಾಟರಿ ಕ್ಯಾಮೆರಾ ಇದ್ದವರು ನಗುವ ಹಾಗಿಲ್ಲ: ರೂಟರ್ ಸತ್ತ ಮೇಲೆ ಅದು ತೆಗೆದ ಚಿತ್ರ ಮನೆಯಿಂದಾಚೆ ಬರುವ ದಾರಿ ಯಾವುದು?

“ನಮ್ಮಲ್ಲಿ ಯುಪಿಎಸ್ ಇದೆ” ಅನ್ನುವವರು ಹೋಗಿ ಒಂದು ಸಲ ನೋಡಿ. ಬಹಳ ಮನೆಗಳಲ್ಲಿ ಯುಪಿಎಸ್ ಲೈನ್ ಕೊಟ್ಟಿರುವುದು ಫ್ಯಾನು, ಲೈಟಿಗೆ ಮಾತ್ರ. ರೂಟರ್ ಕೂತಿರುವುದು ಟೀವಿ ಪಕ್ಕ, ಆ ಸಾಕೆಟ್ಟು ನೇರ ಕರೆಂಟಿನದ್ದು. ರೂಟರ್ ಯುಪಿಎಸ್‌ನಲ್ಲೇ ಇದ್ದರೂ ಮೇನ್ ಆಫ್ ಆದ ಮೇಲೆ ಬ್ಯಾಟರಿ ಚಾರ್ಜ್ ಆಗುವುದೆಲ್ಲಿಂದ? ಹಳೇ ಬ್ಯಾಟರಿಯಾದರೆ ಬೆಳಗಾಗುವಷ್ಟರಲ್ಲಿ, ಹೊಸದಾದರೆ ಅದಕ್ಕಿಂತ ಒಂದಿಷ್ಟು ತಡವಾಗಿ ಬರಿದಾಗುತ್ತದೆ. ನೀವು ಊಟಕ್ಕೆ ಕೂರುವ ಹೊತ್ತಿಗೆ ಮನೆ ಕತ್ತಲು, ಕ್ಯಾಮೆರಾ ಕುರುಡು.

ಇದಕ್ಕೆ ಪರಿಹಾರ ದುಬಾರಿಯದಲ್ಲ. ಎಲೆಕ್ಟ್ರಿಷಿಯನ್‌ಗೆ ಹೇಳಿ ರೂಟರ್ ಮತ್ತು ಕ್ಯಾಮೆರಾಗಳಿಗೆ ಪ್ರತ್ಯೇಕ ಎಂಸಿಬಿ ಹಾಕಿಸಿ ಒಂದು ಲೈನ್ ತೆಗೆಸಿಬಿಡಿ. ಹೊರಡುವಾಗ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇಳಿಸಿ. ಅತ್ತೆಯವರಿಗೂ ಸಮಾಧಾನ. ಕೆಂಗೇರಿ ಕಡೆ ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ ಹೊಸ ಮನೆ ಕಟ್ಟಿಸುತ್ತಿರುವವರು ಗೋಡೆ ಕೊರೆಯುವಾಗಲೇ ಇದನ್ನು ಕೇಳಿ ಹಾಕಿಸಿಕೊಳ್ಳಬೇಕು. ಫಾಲ್ಸ್ ಸೀಲಿಂಗಿಗೆ ಹದಿನೆಂಟು ಬಗೆಯ ಲೈಟಿನ ಪಾಯಿಂಟು ಬರೆಯುವವರು ಇದನ್ನು ಮಾತ್ರ ಮರೆಯುತ್ತಾರೆ.

ನನ್ನ ತಕರಾರು ಗಿರಾಕಿಗಳ ಮೇಲಲ್ಲ, ನಮ್ಮದೇ ಕಸುಬಿನವರ ಮೇಲೆ. ಕ್ಯಾಮೆರಾ ಕೂರಿಸಿದವನು ನಿಮ್ಮ ಹಾಲಿನಲ್ಲೇ ನಿಂತು, ನಿಮ್ಮದೇ ವೈಫೈನಲ್ಲಿ ಫೋನ್ ಹಿಡಿದು, “ನೋಡಿ ಸಾರ್, ಕ್ಲಿಯರ್ ಆಗಿ ಬರ್ತಿದೆ” ಅಂತ ತೋರಿಸಿ ದುಡ್ಡು ಎಣಿಸಿಕೊಂಡು ಹೋಗುತ್ತಾನೆ. ಅದು ಪರೀಕ್ಷೆಯೇ ಅಲ್ಲ. ಫೋನು, ಕ್ಯಾಮೆರಾ ಎರಡೂ ಒಂದೇ ವೈಫೈನಲ್ಲಿದ್ದಾಗ ಕೆಲವು ಆ್ಯಪ್‌ಗಳು ಮನೆಯೊಳಗಿಂದೊಳಗೇ ಚಿತ್ರ ತೋರಿಸಿಬಿಡುತ್ತವೆ. ಹೊರಗಿನ ಇಂಟರ್‌ನೆಟ್ ಬಂದಿದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಫೋನಿನ ವೈಫೈ ಆಫ್ ಮಾಡಿ, ರಸ್ತೆಯ ತುದಿಗೆ ಹೋಗಿ, ಮೊಬೈಲ್ ಡೇಟಾದಲ್ಲಿ ನೋಡಿ. ಆಮೇಲೆ ಮನೆಯವರಿಗೆ ಹೇಳಿ ಮೇನ್ ಇಳಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಏರಿಸಲಿ. ಯಾರೂ ಏನನ್ನೂ ಮುಟ್ಟದೆ ಚಿತ್ರ ತಾನಾಗಿ ವಾಪಸ್ ಬರಬೇಕು. ಕರೆಂಟು ಬಂದ ತಕ್ಷಣ ಕ್ಯಾಮೆರಾ ಬೇಗ ಎದ್ದು ಕೂರುತ್ತದೆ, ರೂಟರ್ ನಿಧಾನಕ್ಕೆ ಏಳುತ್ತದೆ. ಒಳ್ಳೇ ಕ್ಯಾಮೆರಾ ಕಾದು ಮತ್ತೆ ಹುಡುಕುತ್ತದೆ. ಕೆಲವು ಅಗ್ಗದವು ಒಂದು ಸಲ ಹುಡುಕಿ ಸಿಗಲಿಲ್ಲ ಅಂದರೆ ಹಾಗೇ ನಿಂತುಬಿಡುತ್ತವೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವುದೇನು ನಮ್ಮೂರಿಗೆ ಹೊಸದೇ? ಈ ಪರೀಕ್ಷೆ ಮಾಡಿ ತೋರಿಸುವ ತನಕ ಕ್ಯಾಮೆರಾ ಹಾಕಿದವರಿಗೆ ಬಾಕಿ ದುಡ್ಡು ಕೊಡಬೇಡಿ. ನಮಗೂ ಸೇರಿಸಿಯೇ ಹೇಳುತ್ತಿದ್ದೇನೆ.

ರೂಟರ್ ಬದಲಾದಾಗ ಬರುವ ತೊಂದರೆ ಬೇರೆ. ಇಂಟರ್‌ನೆಟ್ ಕಂಪನಿಯವರು ಹೊಸ ಡಬ್ಬಿ ಇಟ್ಟು ಹೋದರು, ಟೀವಿ, ಫೋನು ಎಲ್ಲ ಓಡುತ್ತಿವೆ, ಕ್ಯಾಮೆರಾ ಮಾತ್ರ ಮುನಿಸಿಕೊಂಡಿದೆ. ಮನೆಗಳಿಗೆ ಹಾಕುವ ಕಡಿಮೆ ಬೆಲೆಯ ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ 2.4 ಗಿಗಾಹರ್ಟ್ಸ್ ವೈಫೈ ಒಂದೇ ಗೊತ್ತು. 5 ಗಿಗಾಹರ್ಟ್ಸ್ ಅವಕ್ಕೆ ಕಾಣುವುದೇ ಇಲ್ಲ. ಹೊಸ ರೂಟರಿಗೆ ಹಳೆಯದರ ಹೆಸರು, ಹಳೆಯದರ ಪಾಸ್‌ವರ್ಡನ್ನೇ ಕೊಟ್ಟು 2.4 ಅನ್ನು ಆನ್ ಇಟ್ಟರೆ ಬಹುಪಾಲು ಕ್ಯಾಮೆರಾಗಳು ತಾವಾಗಿ ಬಂದು ಸೇರಿಕೊಳ್ಳುತ್ತವೆ, ಏಣಿ ಹತ್ತುವ ಕೆಲಸವಿಲ್ಲ. ರಾಜಾಜಿನಗರದ ಇಪ್ಪತ್ತು ಮೂವತ್ತರ ಸೈಟುಗಳಲ್ಲಿ ಇನ್ನೊಂದು ಪೀಡೆ: ಗೋಡೆಗೆ ಗೋಡೆ ತಾಗಿದ ಮನೆಗಳು, ಮೂರು ಮಹಡಿ, ಮಹಡಿಗೊಂದು ಎರಡು ರೂಟರು. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ, 1, 6 ಮತ್ತು 11. ಎಲ್ಲರೂ 6ರಲ್ಲೇ ಕೂತು ಕೂಗುತ್ತಿದ್ದರೆ ಸಂಜೆ ಏಳಕ್ಕೆ ನಿಮ್ಮ ಗೇಟಿನ ಚಿತ್ರ ತಡವರಿಸದೆ ಇನ್ನೇನು? ಕೆಂಗೇರಿಯ ಹೊಸ ಬಡಾವಣೆಗಳಲ್ಲಿ ಇದು ತಿರುಗುಮುರುಗು. ಅಲ್ಲಿ ಅಕ್ಕಪಕ್ಕ ಖಾಲಿ ಸೈಟು, ಗಾಳಿಯೆಲ್ಲ ನಿಮ್ಮದೇ, ಆದರೆ ಫೈಬರ್ ಬಂದಿರುವುದಿಲ್ಲ. ಸಿಮ್ ಹಾಕುವ ಕ್ಯಾಮೆರಾ ತಂದಿರುತ್ತಾರೆ. ಆ ಸಿಮ್ಮಿನ 28 ದಿನದ ರೀಚಾರ್ಜ್ ಯಾತ್ರೆಯ ನಡುವೆ ಮುಗಿಯುತ್ತದೆ, ಮೆಸೇಜು ಬರುವುದು ಕ್ಯಾಮೆರಾದೊಳಗಿರುವ ಸಿಮ್ಮಿಗೆ!

ಮೆಮೊರಿ ಕಾರ್ಡಿನ ಲೆಕ್ಕವನ್ನು ಯಾರೂ ಮಾಡುವುದಿಲ್ಲ. ಸೆಕೆಂಡಿಗೆ 1 ಮೆಗಾಬಿಟ್ಟಿನಂತೆ ಎಡೆಬಿಡದೆ ರೆಕಾರ್ಡ್ ಆದರೆ ದಿನಕ್ಕೆ ಸುಮಾರು 10.8 ಜಿಬಿ. 64 ಜಿಬಿ ಕಾರ್ಡು ಆರು ದಿನ ತುಂಬುವ ಮೊದಲೇ ಭರ್ತಿಯಾಗಿ, ಹಳೆಯದನ್ನು ಅಳಿಸಿಕೊಂಡು ಮೇಲೆ ಬರೆಯುತ್ತದೆ. ನೀವು ಹದಿನೈದು ದಿನ ಕಾಶಿ, ಗಯಾ ಸುತ್ತಿ ಬಂದರೆ ಮೊದಲ ವಾರದಲ್ಲಿ ಯಾರು ಬಂದರು, ಯಾರು ಹೋದರು ಒಂದೂ ಇರುವುದಿಲ್ಲ. ಜೊತೆಗೆ ಕ್ಯಾಮೆರಾ ಕಿತ್ತುಕೊಂಡು ಹೋದವನು ಕಾರ್ಡನ್ನೂ ತೆಗೆದುಕೊಂಡೇ ಹೋಗಿರುತ್ತಾನೆ. ಕೈಗೆಟಕುವ ಎತ್ತರದ ಕ್ಯಾಮೆರಾಕ್ಕೆ ಕ್ಲೌಡ್ ಇರಲಿ, ಇಲ್ಲವೇ ರೆಕಾರ್ಡರ್ ಒಳಕೋಣೆಯ ಬೀರುವಿನಲ್ಲಿರಲಿ. ಪರದೆಯ ಮೇಲಿನ ತಾರೀಖು, ಗಂಟೆ ಸರಿಯಿದೆಯೇ ಅಂತಲೂ ನೋಡಿಕೊಳ್ಳಿ. 2024ರ ಜುಲೈ 1ರಿಂದ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ದೃಶ್ಯವನ್ನು ನ್ಯಾಯಾಲಯಕ್ಕೆ ಕೊಡುವಾಗ ಪ್ರಮಾಣಪತ್ರ ಬೇಕು. ಫೋನಿನ ಪರದೆಯನ್ನು ಇನ್ನೊಂದು ಫೋನಿನಲ್ಲಿ ಚಿತ್ರೀಕರಿಸಿ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಬಿಟ್ಟು, ಮೂಲವನ್ನು ಕಳೆದುಕೊಂಡವರು ಆಮೇಲೆ ಪೇಚಾಡುತ್ತಾರೆ.

ಇನ್ನು ಆಯುಧಪೂಜೆ. ಗೇಟಿಗೆ ಬಾಳೆಕಂದು, ಬಾಗಿಲಿಗೆ ಮಾವಿನ ತೋರಣ, ಮೇಲಿನಿಂದ ಇಳಿಬಿಟ್ಟ ಬೂದುಗುಂಬಳ. ಅದೇ ರಾತ್ರಿ ಬಸ್ಸು ಹತ್ತುತ್ತೀರಿ. ಬಾಳೆಯೆಲೆ ಗಾಳಿಗೆ ಅಲ್ಲಾಡಿದಾಗೆಲ್ಲ ಫೋನು “ಚಲನೆ ಕಂಡುಬಂದಿದೆ” ಅಂತ ಕಿರುಗುಟ್ಟುತ್ತದೆ. ಅದಿಲ್ಲದಿದ್ದರೆ ಜೇಡ. ಲೆನ್ಸಿನ ಮುಂದೆ ಅದು ನೇಯ್ದ ಒಂದೇ ಎಳೆ ರಾತ್ರಿಯ ಇನ್‌ಫ್ರಾರೆಡ್ ಬೆಳಕಿಗೆ ಬೆಳ್ಳಗೆ ಹೊಳೆದು ಮನುಷ್ಯ ನಡೆದಂತೆ ಕಾಣುತ್ತದೆ. ಎರಡನೇ ರಾತ್ರಿಯ ಹೊತ್ತಿಗೆ ಯಜಮಾನರಿಗೆ ರೇಗಿ ನೋಟಿಫಿಕೇಷನ್ನೇ ಆಫ್ ಮಾಡಿ ಮಲಗುತ್ತಾರೆ. ಸಾವಿರಾರು ರೂಪಾಯಿಯ ವ್ಯವಸ್ಥೆಯನ್ನು ಸೋಲಿಸಿದ್ದು ಜೇಡರಹುಳು. ಹೊರಡುವ ಮುನ್ನ ಪೊರಕೆಯ ತುದಿಯಲ್ಲಿ ಮೆಲ್ಲಗೆ ಒಂದು ಸಲ ಒರೆಸಿ, ಬಾಳೆಕಂದನ್ನು ಬಿಚ್ಚಿಟ್ಟು ಹೋದರೆ ದೇವರೇನೂ ಬೇಸರ ಮಾಡಿಕೊಳ್ಳುವುದಿಲ್ಲ.

ಪಾಸ್‌ವರ್ಡ್ ವಿಚಾರಕ್ಕೆ ಹೆಚ್ಚು ಹೇಳುವುದಿಲ್ಲ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟ ಕ್ಯಾಮೆರಾ, ರೂಟರ್‌ಗಳನ್ನೇ ಹಿಡಿದು 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಅಮೆರಿಕದಲ್ಲಿ ದೊಡ್ಡ ದೊಡ್ಡ ವೆಬ್‌ಸೈಟುಗಳನ್ನೇ ಗಂಟೆಗಟ್ಟಲೆ ಮಲಗಿಸಿತ್ತು. ನಮ್ಮ ಸರ್ಕಾರವೂ 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯ ಮಾಡಿದೆ. ಎಸ್‌ಪಿ ರೋಡಿನಲ್ಲಿ ಹೆಸರಿಲ್ಲದ ಡಬ್ಬಿಯನ್ನು ಅರ್ಧ ಬೆಲೆಗೆ ತಂದು “ಹಾಕಿಕೊಡಿ ಅಕ್ಕಾ” ಅನ್ನುವವರಿಗೆ ನಾನು ಹಾಕಿಸುವುದಿಲ್ಲ, ಅಷ್ಟೇ.

ಅಕೌಂಟ್ ಯಾರದ್ದು ಅನ್ನುವುದು ಅದಕ್ಕಿಂತ ದೊಡ್ಡ ಪ್ರಶ್ನೆ. ಬಸವೇಶ್ವರನಗರದ ಎಷ್ಟೋ ಮನೆಗಳಲ್ಲಿ ತಂದೆತಾಯಿ ಇಲ್ಲಿ, ಮಗ ನ್ಯೂಜೆರ್ಸಿಯಲ್ಲಿ, ಆ್ಯಪ್ ಮಗನ ಇಮೇಲಿನಲ್ಲಿ. ಒಂದು ರೀತಿಯಲ್ಲಿ ಅನುಕೂಲವೇ: ನಮಗೆ ದಸರೆಯ ರಾತ್ರಿ ಎರಡು ಗಂಟೆಯಾದಾಗ ಅವನಿಗೆ ಸಂಜೆ ನಾಲ್ಕೂವರೆ, ಎಚ್ಚರವಾಗಿರುತ್ತಾನೆ. ಆದರೆ ಎಚ್ಚರವಾಗಿದ್ದು ಏನು ಮಾಡಬೇಕು? ಅಲ್ಲಿಂದ 112 ಒತ್ತಿದರೆ ಬೆಂಗಳೂರು ಸಿಗುವುದಿಲ್ಲ. ಕಾಶಿಯಲ್ಲಿರುವ ಅಪ್ಪ ಒತ್ತಿದರೆ ಉತ್ತರ ಪ್ರದೇಶದ ಕಂಟ್ರೋಲ್ ರೂಮು ಎತ್ತುತ್ತದೆ. ನಿಮ್ಮ ಠಾಣೆಯ ಸ್ಥಿರ ದೂರವಾಣಿ ಸಂಖ್ಯೆ ಎಲ್ಲರ ಫೋನಿನಲ್ಲೂ ಇರಬೇಕು. ರಾಜ್ಯ ಪೊಲೀಸರ ಕೆಎಸ್‌ಪಿ ಆ್ಯಪ್‌ನಲ್ಲಿ ಬೀಗ ಹಾಕಿದ ಮನೆಯ ವಿವರ ಕೊಡುವ ಅವಕಾಶವಿದೆ. ಅದೂ ಬೇಡವೆಂದರೆ ಠಾಣೆಗೆ ಹೋಗಿ ಒಂದು ಮಾತು ಹೇಳಿ ಬನ್ನಿ.

ಅದಕ್ಕೂ ಮೊದಲು ಪಕ್ಕದ ಮನೆ. ರೂಟರ್ ಒಂದು ಸಲ ಆಫ್ ಮಾಡಿ ಆನ್ ಮಾಡಲು, ಗೇಟಿನ ಹತ್ತಿರ ನಿಂತವನನ್ನು “ಯಾರಪ್ಪಾ ನೀನು?” ಅಂತ ಕೇಳಲು ಅಲ್ಲೊಬ್ಬರು ಬೇಕು. ಅವರಿಲ್ಲದೆ ನಾಲ್ಕು ಕ್ಯಾಮೆರಾ ಹಾಕಿದರೂ ನಿಮ್ಮ ಮನೆಯ ಕಳ್ಳತನವನ್ನು ದೂರದಲ್ಲಿ ಕೂತು ನೋಡಬಹುದು, ಅಷ್ಟೇ. ಕ್ಯಾಮೆರಾ ಬಂದ ಮೇಲೆ ಪಕ್ಕದವರಿಗೆ ಕೀ ಕೊಟ್ಟು ಹೋಗುವ ರೂಢಿಯೇ ತಪ್ಪುತ್ತಿರುವುದು ನನಗೆ ಕಾಣುತ್ತಿದೆ. ಅಷ್ಟೇ ಅಲ್ಲ, ಬಹಳ ಕಡೆ ಆ ಕ್ಯಾಮೆರಾದ ಮುಖವೇ ಪಕ್ಕದವರ ಹೊಸ್ತಿಲಿಗೆ ತಿರುಗಿರುತ್ತದೆ. ಅವರ ಮನೆಗೆ ಯಾರು ಬಂದರು, ಮಗಳು ಎಷ್ಟು ಹೊತ್ತಿಗೆ ವಾಪಸಾದಳು ಎಲ್ಲ ನಿಮ್ಮ ಫೋನಿನಲ್ಲಿ. ಅಂಥವರನ್ನು ಅರ್ಧರಾತ್ರಿ ಎಬ್ಬಿಸಿ “ಸ್ವಲ್ಪ ನಮ್ಮನೆ ನೋಡಿ” ಅನ್ನಲು ಯಾವ ಮುಖ? ಒಂದೇ ಮನೆಯಲ್ಲಿರುವ ಅಣ್ಣತಮ್ಮಂದಿರ ಜಗಳದಲ್ಲೇ, ಜೊತೆಗಿರುವವರ ಒಪ್ಪಿಗೆಯಿಲ್ಲದೆ ವಾಸದ ಜಾಗದೊಳಗೆ ಕ್ಯಾಮೆರಾ ಓಡಿಸುವಂತಿಲ್ಲ ಎಂದು ಕಲ್ಕತ್ತಾ ಹೈಕೋರ್ಟ್ 2025ರಲ್ಲಿ ಹೇಳಿತು, ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲಿಲ್ಲ. ನಮ್ಮ ಹುಡುಗರಿಗೆ ನಾನು ಹೇಳಿಟ್ಟಿದ್ದೇನೆ: ಕೋನ ತಿರುಗಿಸಿ, ಆಗದಿದ್ದರೆ ಆ್ಯಪ್‌ನಲ್ಲೇ ಪಕ್ಕದ ಮನೆಯ ಭಾಗವನ್ನು ಕಪ್ಪು ಮಾಡಿ, ಅದನ್ನು ಪಕ್ಕದವರನ್ನೇ ಕರೆದು ತೋರಿಸಿ. ಗಿರಾಕಿಗಳಲ್ಲಿ ಕೆಲವರು ಗೊಣಗುತ್ತಾರೆ. ಗೊಣಗಲಿ.

ಹಾಗೆ ಕರೆದಾಗ ಇನ್ನೊಂದು ಕೆಲಸವೂ ಆಗುತ್ತದೆ. ಹೊರಡುವ ಹಿಂದಿನ ವಾರ ಒಂದು ರಾತ್ರಿ ನೀವು ಮಾರುತಿ ಮಂದಿರದ ಹತ್ತಿರ ತರಕಾರಿ ತರಲು ಹೋದಾಗ, “ಆಂಟಿ, ಒಂದು ಸಲ ನಮ್ಮ ಗೇಟಿನ ಮುಂದೆ ನಡೆದು ಬನ್ನಿ” ಅಂತ ಪಕ್ಕದವರಿಗೆ ಫೋನ್ ಮಾಡಿ. ಎಷ್ಟು ಹೊತ್ತಿಗೆ ನಿಮ್ಮ ಫೋನು ಎಚ್ಚರಿಸಿತು, ಅವರ ಮುಖ ಗುರುತು ಸಿಗುತ್ತದೆಯೇ, ಲೈಟ್ ಕಂಬದ ಬೆಳಕಿಗೆ ಬರೀ ನೆರಳಾಗಿ ಕಾಣುತ್ತಾರೆಯೇ ನೋಡಿಕೊಳ್ಳಿ. ಎಚ್ಚರಿಕೆ ಬರದಿದ್ದರೆ ತಪ್ಪು ಫೋನಿನದ್ದೂ ಆಗಿರಬಹುದು. ಬ್ಯಾಟರಿ ಉಳಿಸುವ ಭರದಲ್ಲಿ ಕೆಲವು ಫೋನುಗಳು ಆ್ಯಪನ್ನೇ ಹಿನ್ನೆಲೆಯಲ್ಲಿ ಮಲಗಿಸಿಬಿಡುತ್ತವೆ.

ವಾರ ಮೊದಲೇ ಅಂದದ್ದಕ್ಕೆ ಕಾರಣವಿದೆ. ನಮ್ಮ ಹುಡುಗರಲ್ಲಿ ಒಬ್ಬ ಮದ್ದೂರಿನ ಕಡೆಯವನು, ಇನ್ನೊಬ್ಬ ಕಲಬುರಗಿಯವನು. ಆಯುಧಪೂಜೆಯ ಮಂಗಳಾರತಿ ಆಗುತ್ತಿದ್ದಂತೆ ಅವರೂ ಬ್ಯಾಗು ಹಿಡಿದು ಹೊರಡುತ್ತಾರೆ, ಅಂಗಡಿಯಲ್ಲಿ ಏಣಿ ಇರುತ್ತದೆ, ಹತ್ತುವವರಿರುವುದಿಲ್ಲ. ಎಂಸಿಬಿ ಲೈನ್ ಬೇಕಾದವರು ಮಹಾಲಯ ಅಮಾವಾಸ್ಯೆ ಕಳೆಯುತ್ತಿದ್ದಂತೆ ಫೋನ್ ಮಾಡಿ.