ಕರೆಗಂಟೆಗೂ ಶಿಸ್ತು ಬೇಕು

ವಿದ್ಯೆಯಲ್ಲಿ ಬರೆಯುವುದು ಎಷ್ಟು ಮುಖ್ಯವೋ ತಿದ್ದಿಸಿಕೊಳ್ಳುವುದೂ ಅಷ್ಟೇ ಮುಖ್ಯ. ಶಾಲೆಗಳಲ್ಲಿ ಕೈಬರಹದ ಪತ್ರಿಕೆ ಹೊರಡುತ್ತಿದ್ದ ಕಾಲದಲ್ಲಿ ಇದ್ದುದು ಒಂದೇ ಪ್ರತಿ. ಗುರುಗಳು ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದ ಮಾತನ್ನು ಓದದೆ ನಿರ್ವಾಹವಿರಲಿಲ್ಲ. ಇಂದು ಹಲವರು ಕೂಡಿ ಬರೆಯುವ ಕೆಲಸಕ್ಕೆ, 2006ರಲ್ಲಿ ಆರಂಭವಾದ ಗೂಗಲ್ ಡಾಕ್ಸ್‌ನಂತಹ ಸೌಕರ್ಯಗಳಿವೆ. ಮಂಜೇಶ್ವರದ ಹುಡುಗಿಯೂ ಬದಿಯಡ್ಕದ ಹುಡುಗನೂ ಕಾಸರಗೋಡಿನ ಅಧ್ಯಾಪಕರೂ ತಮ್ಮ ತಮ್ಮ ಮನೆಯಲ್ಲಿದ್ದುಕೊಂಡೇ ಒಂದೇ ಪುಟವನ್ನು ತಿದ್ದಬಹುದು. ಕಮೆಂಟ್ ಎಂಬ ಹೆಸರಿನಲ್ಲಿ ಅಂಚಿನ ಟಿಪ್ಪಣಿ ಇಲ್ಲಿಯೂ ಇದೆ. ಹೊಸದೆಂದರೆ, ಟಿಪ್ಪಣಿ ಬಿತ್ತೆಂದು ಇ-ಮೇಲ್ ಮೂಲಕ ತಿಳಿಸುವ ಕರೆಗಂಟೆ.

ಈ ಗಂಟೆಯ ವಿಷಯದಲ್ಲಿ ಎರಡು ಅತಿರೇಕಗಳಿವೆ. ಎಲ್ಲ ಟಿಪ್ಪಣಿಗೂ ಗಂಟೆ ಬಾರಿಸಲು ಬಿಡುವುದು ಒಂದು. ಹತ್ತು ಮಂದಿ ‘ಚೆನ್ನಾಗಿದೆ’, ‘ಸರಿ’ ಎಂದು ಬರೆದರೆ ಹತ್ತು ಸೂಚನೆಗಳು. ಎಷ್ಟೋ ಮನೆಗಳಲ್ಲಿ ಫೋನು ತಂದೆಯದೋ ತಾಯಿಯದೋ ಆಗಿರುತ್ತದೆ. ದುಡಿದು ದಣಿದವರಿಗೆ ಇದು ಕಿರಿಕಿರಿ. ‘ತೋಳ ಬಂತು ತೋಳ’ ಎಂದು ಕೂಗಿದ ಹುಡುಗನ ಕಥೆಯಂತೆ, ನಿಜವಾಗಿ ಬೇಕಾದ ಸೂಚನೆ ಬಂದಾಗ ಯಾರೂ ತಿರುಗಿ ನೋಡುವುದಿಲ್ಲ.

ಬೇಸತ್ತು ಎಲ್ಲವನ್ನೂ ನಿಲ್ಲಿಸಿಬಿಡುವುದು ಇನ್ನೊಂದು. ಇದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ‘ಈ ವಾಕ್ಯದ ಅರ್ಥ ಸ್ಪಷ್ಟವಿಲ್ಲ’ ಎಂದು ಅಧ್ಯಾಪಕರು ಬರೆದದ್ದು ಕಣ್ಣಿಗೆ ಬೀಳದೆ ಪುಟ ಅಚ್ಚಿಗೆ ಹೋದರೆ, ತಪ್ಪು ಮಗುವಿನ ಹೆಸರಿನಡಿಯಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಸಂಕೋಚದ ವಿದ್ಯಾರ್ಥಿ ಧೈರ್ಯಮಾಡಿ ಕೇಳಿದ ಪ್ರಶ್ನೆಗೆ ಉತ್ತರ ಬಾರದಿದ್ದರೆ ಅವನು ಮತ್ತೆ ಕೇಳಲಾರ. 1956ರಲ್ಲಿ ಕೇರಳಕ್ಕೆ ಸೇರಿದ ಈ ಗಡಿನಾಡಿನಲ್ಲಿ, ನಮ್ಮ ಮಕ್ಕಳ ಕನ್ನಡ ಬರಹವನ್ನು ತಿದ್ದುವ ಕೈಗಳು ಶಾಲೆಯ ಹೊರಗೆ ವಿರಳ. ಸಿಕ್ಕ ಒಂದು ತಿದ್ದುಪಡಿಯನ್ನೂ ಕಳೆದುಕೊಳ್ಳುವಷ್ಟು ಶ್ರೀಮಂತರು ನಾವಲ್ಲ.

ಮಧ್ಯಮ ಮಾರ್ಗವೊಂದಿದೆ. ಕಂಪ್ಯೂಟರಿನಲ್ಲಿ ಕಡತ ತೆರೆದು ‘ಟೂಲ್ಸ್’ ಪಟ್ಟಿಯ ‘ನೋಟಿಫಿಕೇಶನ್ ಸೆಟ್ಟಿಂಗ್ಸ್’ಗೆ ಹೋದರೆ ಮೂರು ಆಯ್ಕೆಗಳು ಕಾಣುತ್ತವೆ: ಎಲ್ಲ ಟಿಪ್ಪಣಿಗಳು, ನನಗೆ ಸಂಬಂಧಿಸಿದವು ಮಾತ್ರ, ಯಾವುದೂ ಬೇಡ. ಪ್ರತಿ ಕಡತಕ್ಕೂ ಪ್ರತ್ಯೇಕವಾಗಿ ಇದನ್ನು ನಿಶ್ಚಯಿಸಬಹುದು. ಬರೆಯುವ ವಿದ್ಯಾರ್ಥಿಗೆ ಎರಡನೆಯದೇ ಯೋಗ್ಯವೆಂದು ನಮ್ಮ ಅಭಿಪ್ರಾಯ. ಇಡೀ ಸಂಚಿಕೆಯ ಹೊಣೆ ಹೊತ್ತವರು ಮೊದಲನೆಯದನ್ನು ಇಟ್ಟುಕೊಳ್ಳಲಿ. ಕೆಲಸ ಮುಗಿದ ಕಡತಕ್ಕೆ ಮೂರನೆಯದು ಸಾಕು.

ಆದರೆ ಯಂತ್ರದ ಗುಂಡಿಯೊಂದರಿಂದಲೇ ಶಿಸ್ತು ಬಾರದು. ಟಿಪ್ಪಣಿ ಬರೆಯುವವರು ಅದು ಯಾರಿಗೆಂದು ‘@’ ಚಿಹ್ನೆಯೊಡನೆ ಆ ವ್ಯಕ್ತಿಯನ್ನು ಹೆಸರಿಸಬೇಕು. ಆಗ ಸೂಚನೆ ತಲುಪಬೇಕಾದವರಿಗೇ ತಲುಪುತ್ತದೆ. ಬರಿಯ ಹೊಗಳಿಕೆಯನ್ನು ತರಗತಿಯಲ್ಲಿ ಬಾಯಿಮಾತಿನಲ್ಲಿ ಹೇಳಿದರಾಯಿತು. ತಿದ್ದಿದ ಮೇಲೆ ‘ಮುಗಿಯಿತು’ ಎಂದು ಗುರುತು ಹಾಕಿ ಟಿಪ್ಪಣಿಯನ್ನು ಮುಚ್ಚುವುದು ತಿದ್ದಿಸಿಕೊಂಡವರ ಕರ್ತವ್ಯ. ರಾತ್ರಿ ಹೊತ್ತು ಮೀರಿದ ಮೇಲೆ ಟಿಪ್ಪಣಿ ಬರೆಯದಿರುವುದು ಎಲ್ಲರ ಸೌಜನ್ಯ.

ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ: ಸಂಜೆ ಹತ್ತು ನಿಮಿಷ ಫೋನನ್ನು ಮಕ್ಕಳ ಕೈಗಿತ್ತು, ‘ನಿನ್ನ ಬರಹಕ್ಕೆ ಗುರುಗಳು ಏನೆಂದಿದ್ದಾರೆ?’ ಎಂದು ಕೇಳಿರಿ. ಗಂಟೆ ಬಾರಿಸದ ದಿನವೂ ಕೇಳಿರಿ.