ಶುಶ್ರೂಷೆಯೂ ಬಸವಳಿಕೆಯೂ

‘ಶುಶ್ರೂಷೆ’ ಎಂಬ ಶಬ್ದವನ್ನು ನಾವೆಲ್ಲರೂ ಬಳಸುತ್ತೇವೆ. ಅದರ ಒಡಲಲ್ಲಿ ಅಡಗಿರುವ ಅರ್ಥವನ್ನು ಬಿಡಿಸಿ ನೋಡುವವರು ವಿರಳ. ‘ಶ್ರು’ ಎಂಬ ಧಾತುವಿಗೆ ಕೇಳು ಎಂದರ್ಥ. ಅದರ ಮೇಲೆ ಇಚ್ಛೆಯನ್ನು ಸೂಚಿಸುವ ‘ಸನ್’ ಪ್ರತ್ಯಯ ಬಂದು, ಧಾತುವು ದ್ವಿತ್ವವನ್ನು ಪಡೆದು ‘ಶುಶ್ರೂಷಾ’ ಎಂಬ ರೂಪ ಸಿದ್ಧವಾಯಿತು. ಕೇಳಬೇಕೆಂಬ ಬಯಕೆಯೇ ಶುಶ್ರೂಷೆ. ಗುರುವಿನ ನುಡಿಯನ್ನು ಕೇಳಬಯಸುವ ಶಿಷ್ಯನ ಗುಣವನ್ನು ಹೇಳುತ್ತಿದ್ದ ಈ ಮಾತು ಸೇವೆ, ಪರಿಚರ್ಯೆ ಎಂದು ಅರ್ಥವಿಸ್ತಾರಗೊಂಡು ಕೊನೆಗೆ ರೋಗಿಯ ಹಾಸಿಗೆಯ ಪಕ್ಕದಲ್ಲಿ ಬಂದು ನಿಂತಿತು. ನರಳುವವನ ದನಿಗೆ ಕಿವಿಗೊಡುವವಳು ಶುಶ್ರೂಷಕಿ. ಜನರು ಅವಳನ್ನು ದಾದಿ ಎಂದರು, ಸಿಸ್ಟರ್ ಎಂದರು; ಸರ್ಕಾರವು ಈಚೆಗೆ ಶುಶ್ರೂಷಾಧಿಕಾರಿ ಎಂಬ ಪದನಾಮವನ್ನು ಕೊಟ್ಟಿದೆ. ಹೆಸರುಗಳಿಗೆ ಕೊರತೆಯಿಲ್ಲ. ಎಲ್ಲರ ನರಳಿಕೆಯನ್ನು ಕೇಳುವ ಆಕೆಯ ನರಳಿಕೆಯನ್ನು ಕೇಳಬಯಸುವವರು ಯಾರು ಎಂಬುದೇ ನನ್ನ ಪ್ರಶ್ನೆ.

ಶಾಲೆಯ ಸಂಚಿಕೆಯಲ್ಲಿ ಆಸ್ಪತ್ರೆಯ ಮಾತೇಕೆ ಎಂದು ಕೆಲವರಿಗೆ ತೋರಬಹುದು. ನಮ್ಮಂಥ ಶಾಲೆಗಳಿಂದ ಹೊರಬೀಳುವ ಹೆಣ್ಣುಮಕ್ಕಳಲ್ಲಿ, ಈಗ ಗಂಡುಮಕ್ಕಳಲ್ಲಿಯೂ, ನರ್ಸಿಂಗ್ ಶಿಕ್ಷಣಕ್ಕೆ ಹೋಗುವವರು ಅಲ್ಪಸಂಖ್ಯೆಯವರೇನಲ್ಲ. ಒಕ್ಕಲು ಮನೆತನದ, ಕೂಲಿಯ ಮನೆತನದ ಮಕ್ಕಳಿಗೆ ಬೇಗನೆ ಅನ್ನದ ದಾರಿ ತೋರುವ ವಿದ್ಯೆಯೆಂದು ಉಪಾಧ್ಯಾಯರಾದ ನಾವೇ ಅವರನ್ನು ಅತ್ತ ಕಳುಹಿಸುತ್ತೇವೆ. ಕಳುಹಿಸಿದ ಮೇಲೆ ಅವರ ಗತಿಯೇನಾಯಿತೆಂದು ವಿಚಾರಿಸುವ ಹೊಣೆಯೂ ನಮ್ಮದಲ್ಲವೆ?

1974ರಲ್ಲಿ ಅಮೆರಿಕದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬವರು ಸೇವಾಸಂಸ್ಥೆಗಳಲ್ಲಿ ದುಡಿಯುವವರ ಒಂದು ವಿಶಿಷ್ಟ ಅವಸ್ಥೆಯನ್ನು ಗುರುತಿಸಿ ಅದಕ್ಕೆ ‘ಬರ್ನ್‌ಔಟ್’ ಎಂಬ ಹೆಸರನ್ನು ಬಳಕೆಗೆ ತಂದರು. ಮುಂದೆ ಕ್ರಿಸ್ಟಿನಾ ಮ್ಯಾಸ್ಲಾಕ್ ಎಂಬ ವಿದುಷಿ ಇದಕ್ಕೆ ಮೂರು ಲಕ್ಷಣಗಳನ್ನು ನಿರೂಪಿಸಿ 1981ರಲ್ಲಿ ಅಳೆಯುವ ಕ್ರಮವನ್ನೂ ಸಿದ್ಧಪಡಿಸಿದರು. ಭಾವದ ಊಟೆ ಬತ್ತಿಹೋಗುವುದು ಮೊದಲನೆಯದು. ಎದುರಿಗಿರುವ ಮನುಷ್ಯನು ಮನುಷ್ಯನಾಗಿ ಕಾಣದೆ ಒಂದು ವಸ್ತುವಾಗಿ ಕಾಣತೊಡಗುವುದು ಎರಡನೆಯದು. ತಾನು ಮಾಡಿದ ಕೆಲಸದಿಂದ ಏನೂ ಆಗಲಿಲ್ಲವೆಂಬ ಭಾವ ಮೂರನೆಯದು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕೃತವಾದ ತನ್ನ ರೋಗವರ್ಗೀಕರಣದಲ್ಲಿ ಇದನ್ನು ಸೇರಿಸಿತು. ಆದರೆ ಅದನ್ನು ರೋಗವೆಂದು ಕರೆಯಲಿಲ್ಲ. ದುಡಿಮೆಯ ಸ್ಥಳದಲ್ಲಿ ಸರಿಯಾಗಿ ನಿರ್ವಹಿಸಲ್ಪಡದ ಒತ್ತಡದಿಂದ ಉಂಟಾಗುವ ಉದ್ಯೋಗಸಂಬಂಧಿ ಸ್ಥಿತಿಯೆಂದಿತು. ಈ ಭೇದವನ್ನು ವಾಚಕರು ಗಮನಿಸಬೇಕು. ರೋಗವೆಂದಿದ್ದರೆ ರೋಗಿಗೆ ಔಷಧ ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು.

ಈ ಅವಸ್ಥೆಗೆ ಕನ್ನಡದಲ್ಲಿ ಹೊಸ ಶಬ್ದವನ್ನು ಟಂಕಿಸುವ ಪ್ರಮೇಯವಿಲ್ಲ. ‘ಬಸವಳಿ’ ಎಂಬ ಹಳೆಯ ಕ್ರಿಯಾಪದ ನಮ್ಮಲ್ಲಿದೆ. ಬಸ ಎಂಬುದು ವಶ ಶಬ್ದದ ತದ್ಭವ. ಅಳಿ ಎಂದರೆ ನಾಶವಾಗು. ತನ್ನ ಮೇಲಿನ ವಶವೇ ತನಗೆ ಅಳಿದುಹೋಗುವುದು ಬಸವಳಿಕೆ. ದಣಿವು ಬೇರೆ, ಬಸವಳಿಕೆ ಬೇರೆ. ದಣಿದವನಿಗೆ ಒಂದಿರುಳಿನ ನಿದ್ರೆ ಸಾಕು. ಬಸವಳಿದವಳು ನಿದ್ರೆ ಮಾಡಿ ಎದ್ದರೂ ಬಸವಳಿದೇ ಏಳುತ್ತಾಳೆ.

ನಮ್ಮ ಪ್ರಾಚೀನ ವೈದ್ಯಗ್ರಂಥಗಳು ಪರಿಚಾರಕನನ್ನು ಹಗುರಾಗಿ ಕಂಡಿಲ್ಲ. ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳ ಮೇಲೆ ಚಿಕಿತ್ಸೆಯನ್ನು ನಿಲ್ಲಿಸಿವೆ. ಚರಕಸಂಹಿತೆಯು ಪರಿಚಾರಕನಿಗೆ ಉಪಚಾರದ ಅರಿವು, ದಕ್ಷತೆ, ಅನುರಾಗ, ಶುಚಿತ್ವಗಳೆಂಬ ನಾಲ್ಕು ಗುಣಗಳನ್ನು ವಿಧಿಸುತ್ತದೆ. ಸುಶ್ರುತಸಂಹಿತೆಯು ಹೇಳುವ ಗುಣಗಳಲ್ಲಿ ಒಂದು ಪದ ನನ್ನನ್ನು ಬಹುಕಾಲದಿಂದ ಕಾಡಿದೆ: ‘ಅಶ್ರಾಂತ’. ಪರಿಚಾರಕನು ಬಳಲದವನಾಗಿರಬೇಕು. ಸಭೆಸಮಾರಂಭಗಳಲ್ಲಿ ಮಾತನಾಡುವವರು ಈ ಪದವನ್ನೆತ್ತಿಕೊಂಡು, ಎಷ್ಟು ದುಡಿದರೂ ದಣಿಯದಿರುವುದೇ ಆದರ್ಶವೆಂದು ಉಪದೇಶಿಸುವುದುಂಟು. ಇದು ಅರ್ಥವಿಪರ್ಯಾಸವೆಂದು ನನ್ನ ಅಭಿಪ್ರಾಯ. ಅದೇ ಎಡೆಯಲ್ಲಿ ‘ಬಲವಾನ್’ ಎಂಬ ಪದವೂ ಇದೆ. ಬಲಹೀನನನ್ನು ನೇಮಿಸಿ ಬಲವಂತನಾಗೆಂದು ಗದರಿಸಿರಿ ಎಂದು ಶಾಸ್ತ್ರಕಾರನು ಹೇಳಿದನೆ? ಬಲವಿರುವವನನ್ನು ನೇಮಿಸಿರಿ ಎಂದನು. ಹಾಗೆಯೇ ಬಳಲದಿರುವವನನ್ನು ರೋಗಿಯ ಬಳಿ ನಿಲ್ಲಿಸಿರಿ ಎಂದನು. ಇವು ಚಿಕಿತ್ಸೆಯ ಪಾದವೊಂದು ಗಟ್ಟಿಯಾಗಿರಬೇಕಾದರೆ ಇರಬೇಕಾದ ಸ್ಥಿತಿಯ ನಿರೂಪಣೆಗಳು. ಬಳಲಿದವಳನ್ನು ಬಳಲಿಕೆಯಲ್ಲಿಯೇ ಎರಡನೆಯ ಪಾಳಿಗೂ ನಿಲ್ಲಿಸಿದರೆ ಶಾಸ್ತ್ರವನ್ನು ಉಲ್ಲಂಘಿಸಿದವರು ನಿಲ್ಲಿಸಿದವರೇ ಹೊರತು ಆಕೆಯಲ್ಲ. ಮಂಚದ ಒಂದು ಕಾಲು ಮುರಿದರೆ ಬೀಳುವವನು ಮಂಚದ ಮೇಲಿರುವವನು.

ಈ ಮಾತನ್ನು ಆಧುನಿಕರು ಲೆಕ್ಕಹಾಕಿ ತೋರಿಸಿದ್ದಾರೆ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳನ್ನು ಪರಿಶೀಲಿಸಿ ಲಿಂಡಾ ಐಕೆನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಬ್ಬ ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಶಸ್ತ್ರಚಿಕಿತ್ಸೆಯಾದ ರೋಗಿಗಳು 30 ದಿನಗಳೊಳಗೆ ಸಾಯುವ ಸಂಭವವು ಶೇಕಡಾ 7ರಷ್ಟು ಏರುತ್ತಿತ್ತು; ದಾದಿಯು ಬಸವಳಿಯುವ ಸಂಭವವು ಶೇಕಡಾ 23ರಷ್ಟು ಏರುತ್ತಿತ್ತು. ಕ್ಯಾಲಿಫೋರ್ನಿಯಾ ರಾಜ್ಯವು ಒಬ್ಬ ದಾದಿಗೆ ಇಷ್ಟೇ ರೋಗಿಗಳೆಂಬುದನ್ನು ಕಾನೂನಿನಿಂದಲೇ ನಿಗದಿಮಾಡಿ 2004ರಿಂದ ಜಾರಿಗೆ ತಂದಿತು. ನಮ್ಮಲ್ಲಿ ನಿಯಮಗಳಿಲ್ಲವೆಂದಲ್ಲ. ಬೋಧನಾ ಆಸ್ಪತ್ರೆಗಳಲ್ಲಿ 3 ಹಾಸಿಗೆಗಳಿಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಗಳಲ್ಲಿ 5 ಹಾಸಿಗೆಗಳಿಗೆ ಒಬ್ಬರು, ರಜೆಯ ಸಲುವಾಗಿ ಶೇಕಡಾ 30ರಷ್ಟು ಮಂದಿ ಹೆಚ್ಚುವರಿಯಾಗಿ ಇರಬೇಕೆಂದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡವಿದೆ. ಜಿಲ್ಲಾಸ್ಥಳದ ಯಾವುದಾದರೊಂದು ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ ರಾತ್ರಿ ಎರಡು ಗಂಟೆಗೆ ಹೋಗಿ ಹಾಸಿಗೆಗಳನ್ನೂ ದಾದಿಯರನ್ನೂ ಎಣಿಸಿ ನೋಡಿದವರಿಗೆ ಆ ಮಾನದಂಡವು ಎಲ್ಲಿದೆಯೆಂಬುದು ತಿಳಿಯುತ್ತದೆ.

ರಾತ್ರಿಪಾಳಿಯ ಮಾತು ಬಂದುದರಿಂದ ಒಂದು ಸಂಗತಿ. ಪದೇಪದೇ ಇರುಳನ್ನು ಹಗಲು ಮಾಡಿಕೊಂಡು ದುಡಿಯುವುದು ದೇಹದ ಸಹಜ ಕಾಲಗತಿಯನ್ನು ಕೆಡಿಸುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ರಾತ್ರಿಪಾಳಿಯ ದುಡಿಮೆಯನ್ನು ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲ ಸಂಗತಿಗಳ ವರ್ಗದಲ್ಲಿ 2007ರಲ್ಲಿ ಇರಿಸಿ, 2019ರಲ್ಲಿ ಮರುಪರಿಶೀಲಿಸಿ ಅಲ್ಲಿಯೇ ಉಳಿಸಿತು. ಮನೆಗೆ ಬಂದ ದಾದಿಗೆ ಹಗಲು ನಿದ್ರೆಯಾದರೂ ದೊರೆಯುತ್ತದೆಯೆ? ಅತ್ತೆಗೆ ಗಂಜಿ, ಮಗುವಿಗೆ ಶಾಲೆಯ ಬುತ್ತಿ, ಒಗೆಯುವ ಬಟ್ಟೆ ಕಾದಿರುತ್ತವೆ. ಆಸ್ಪತ್ರೆಯ ಪಾಳಿ ಮುಗಿದು ಮನೆಯ ಪಾಳಿ ತೊಡಗುತ್ತದೆ.

ದೇಹದ ದುಡಿಮೆಗಿಂತ ಹೆಚ್ಚಾಗಿ ಬಸವಳಿಸುವುದು ಮನಸ್ಸಿನ ದುಡಿಮೆ. ಐದನೆಯ ಹಾಸಿಗೆಯಲ್ಲಿ ಎಳೆಯ ಜೀವವೊಂದು ಆರಿಹೋದ ಐದು ನಿಮಿಷಕ್ಕೆ ಆರನೆಯ ಹಾಸಿಗೆಯವನಿಗೆ ನಗುಮುಖದಿಂದ ಸೂಜಿ ಚುಚ್ಚಬೇಕು. ವೈದ್ಯರು ಬರಲಿಲ್ಲವೆಂದು, ರಕ್ತ ಸಿಗಲಿಲ್ಲವೆಂದು, ಬಿಲ್ಲು ಹೆಚ್ಚಾಯಿತೆಂದು ಬಂಧುಗಳು ಕೂಗಾಡುವುದು ಎದುರಿಗಿರುವ ದಾದಿಯ ಮೇಲೆ. ಅಳುವುದಕ್ಕೆ ಎಡೆಯಿಲ್ಲದ ದುಃಖ ಕಲ್ಲಾಗುತ್ತದೆ. 1950ರ ದಶಕದ ಕೊನೆಯಲ್ಲಿ ಲಂಡನ್ನಿನ ಆಸ್ಪತ್ರೆಯೊಂದನ್ನು ಅಭ್ಯಸಿಸಿದ ಇಸಬೆಲ್ ಮೆಂಜೀಸ್ ಎಂಬ ಮನೋವಿಜ್ಞಾನಿ, ಅಲ್ಲಿನ ದಾದಿಯರು ರೋಗಿಯನ್ನು ಹೆಸರಿನಿಂದ ಕರೆಯದೆ ‘ಹತ್ತನೆಯ ಹಾಸಿಗೆಯ ಯಕೃತ್ತು’ ಎಂಬಂತೆ ನಿರ್ದೇಶಿಸುತ್ತಿದ್ದುದನ್ನು ದಾಖಲಿಸಿದರು. ಇದು ಕ್ರೌರ್ಯವಲ್ಲ, ಆತಂಕದಿಂದ ತಪ್ಪಿಸಿಕೊಳ್ಳಲು ಸಂಸ್ಥೆಯೇ ಕಟ್ಟಿಕೊಟ್ಟ ಬೇಲಿ ಎಂದು ಅವರ ವಿವರಣೆ. ‘ಆ ಸಿಸ್ಟರ್ ಸಿಡುಕಿ’ ಎಂದು ದೂರುವ ಮೊದಲು ನಾವು ಈ ಬೇಲಿಯನ್ನು ನೆನೆಯುವುದು ಒಳಿತು.

ಇನ್ನು ಹೊಗಳಿಕೆಯ ವಿಷಯ. 2020ನೆಯ ವರ್ಷವು ಫ್ಲಾರೆನ್ಸ್ ನೈಟಿಂಗೇಲ್ ಜನಿಸಿದ 200ನೆಯ ವರ್ಷ. ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ದಾದಿಯರ ಮತ್ತು ಸೂಲಗಿತ್ತಿಯರ ವರ್ಷವೆಂದು ಮೊದಲೇ ಸಾರಿತ್ತು. ವಿಧಿಯ ವಿಡಂಬನೆಯೋ ಎಂಬಂತೆ ಅದೇ ವರ್ಷ ಮಹಾಮಾರಿ ಬಂದೆರಗಿತು. ಮಾರ್ಚ್ 22ರ ಸಂಜೆ ನಾಡೆಲ್ಲ ತಟ್ಟೆ ಬಡಿದು ಚಪ್ಪಾಳೆ ತಟ್ಟಿತು. ಮೇ 3ರಂದು ಹೆಲಿಕಾಪ್ಟರುಗಳು ಆಸ್ಪತ್ರೆಗಳ ಮೇಲೆ ಹೂಮಳೆಗರೆದವು. ಇವೆರಡರ ನಡುವೆ ಏಪ್ರಿಲ್ 22ರಂದು, ಆರೋಗ್ಯ ಸಿಬ್ಬಂದಿಯ ಮೇಲೆ ಕೈಮಾಡುವವರನ್ನು ಶಿಕ್ಷಿಸಲು ಕೇಂದ್ರ ಸರ್ಕಾರವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು! ಚಪ್ಪಾಳೆ ತಟ್ಟಿದ ಬೀದಿಗಳಲ್ಲಿಯೇ ಬಾಡಿಗೆಯ ಕೋಣೆಯನ್ನು ತೆರವು ಮಾಡೆಂದು ದಾದಿಯರಿಗೆ ಹೇಳಿದವರೂ ಇದ್ದರು. ಅವಳನ್ನು ದೇವತೆಯೆಂದು ಕರೆಯುವುದರಲ್ಲಿ ಒಂದು ಅನುಕೂಲವುಂಟು. ದೇವತೆಗೆ ಹಸಿವಿಲ್ಲ, ನಿದ್ರೆಯಿಲ್ಲ, ವಾರದ ರಜೆ ಬೇಡ. ಕಾಯಕದ ಮಹಿಮೆಯನ್ನು ಬೋಧಿಸುವ ಸಂಸ್ಥೆಯ ಸಂಚಿಕೆಯಲ್ಲಿ ಇದನ್ನೂ ಹೇಳಬೇಕು: ಕಾಯಕವೆಂಬುದು ಮಾಡುವವನು ತನಗೆ ತಾನು ಹೇಳಿಕೊಳ್ಳುವ ಮಾತು, ಮಾಡಿಸುವವನು ಸಂಬಳವನ್ನು ಕಡಿತಗೊಳಿಸುವಾಗ ಆಡುವ ಮಾತಲ್ಲ.

ನೈಟಿಂಗೇಲಳನ್ನೂ ನಾವು ದೀಪ ಹಿಡಿದ ಚಿತ್ರದಲ್ಲಿಯೇ ಕಟ್ಟಿಹಾಕಿದ್ದೇವೆ. ಆಕೆ ಅಂಕಿಸಂಖ್ಯೆಗಳನ್ನು ಮುಂದಿಟ್ಟು ಸರ್ಕಾರದೊಡನೆ ವಾದಿಸಿದವಳು. ದಾದಿಯು ತಾನಿಲ್ಲದಾಗಲೂ ರೋಗಿಯ ಆರೈಕೆ ನಿಲ್ಲದಂತೆ ವ್ಯವಸ್ಥೆ ಮಾಡುವುದು ಹೇಗೆಂಬುದಕ್ಕೆ 1859ರ ತನ್ನ ಪುಸ್ತಕದಲ್ಲಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಳು.

ಇದಕ್ಕೆ ನಮ್ಮ ನೆಲದ ಸಂಬಂಧವಿರುವ ನಿದರ್ಶನವೊಂದಿದೆ. ಉತ್ತರ ಕನ್ನಡ ಜಿಲ್ಲೆಯ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದಳು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನೊಬ್ಬನ ಪೈಶಾಚಿಕ ಆಕ್ರಮಣಕ್ಕೆ ತುತ್ತಾಗಿ ಪ್ರಜ್ಞೆಯ ಲೋಕದಿಂದ ದೂರವಾದಳು. ದಾದಿಯರು ರಕ್ಷಣೆಯನ್ನು ಕೇಳಿ ಮುಷ್ಕರ ಹೂಡಿದರು. 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೆ, ನಾಲ್ಕು ದಶಕಗಳಿಗೂ ಮಿಕ್ಕಿ, ಆಕೆಯ ಸಹೋದ್ಯೋಗಿಗಳು ಆಕೆಯನ್ನು ನೋಡಿಕೊಂಡರು. ಇಷ್ಟು ಕಾಲ ಹಾಸಿಗೆ ಹಿಡಿದ ದೇಹಕ್ಕೆ ಹಾಸಿಗೆಹುಣ್ಣು ಆಗದಂತೆ ಕಾಪಾಡಿದ ಅವರ ಆರೈಕೆಯನ್ನು ಸರ್ವೋಚ್ಚ ನ್ಯಾಯಾಲಯವು 2011ರ ತೀರ್ಪಿನಲ್ಲಿ ಮನಸಾರೆ ಕೊಂಡಾಡಿತು. ಈ ಕಥೆಯನ್ನು ತ್ಯಾಗದ ಕಥೆಯಾಗಿ ಹೇಳುವುದು ರೂಢಿ. ನನಗೆ ಅದರಲ್ಲಿ ಬೇರೊಂದು ಅಂಶ ಮುಖ್ಯವಾಗಿ ಕಾಣುತ್ತದೆ. ನಾಲ್ಕು ದಶಕಗಳನ್ನು ಒಬ್ಬಳು ಹೊರಲಿಲ್ಲ. ಅರುಣೆಯನ್ನು ಕಂಡು ಬಲ್ಲವರು ನಿವೃತ್ತರಾದರು. ಆಕೆ ನಡೆದಾಡುತ್ತಿದ್ದಾಗ ಇನ್ನೂ ಹುಟ್ಟಿರದಿದ್ದ ಹುಡುಗಿಯರು ಬಂದು ಆ ಸರದಿಗೆ ಹೆಗಲು ಕೊಟ್ಟರು. ಒಬ್ಬಳಿಗೆ ಅಸಾಧ್ಯವಾದುದು ಸರದಿಯಿಂದ ಸಾಧ್ಯವಾಯಿತು. ಅಶ್ರಾಂತವಾಗಿದ್ದುದು ಆ ಸರದಿ.

ದಾದಿಯು ತನಗಾಗಿ ಮಾಡಿಕೊಳ್ಳಬಹುದಾದುದು ಏನೂ ಇಲ್ಲವೆ? ಇದೆ. ದುಃಖವನ್ನು ಸಂಗಡಿಗರೊಡನೆ ಹಂಚಿಕೊಳ್ಳುವುದು, ಊಟವನ್ನು ಬಿಡದಿರುವುದು, ಹಗಲ ನಿದ್ರೆಯನ್ನು ಮನೆಯವರಿಂದ ಹಕ್ಕಿನಂತೆ ಕೇಳಿ ಪಡೆಯುವುದು, ಹಿಡಿತ ತಪ್ಪುತ್ತಿದೆಯೆಂದು ತೋರಿದಾಗ ನಾಚದೆ ಮನೋವೈದ್ಯರನ್ನು ಕಾಣುವುದು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರ್ಕಾರಿ ಸೇವೆಗೆ 14416 ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ ಸಮಾಲೋಚನೆ ಉಚಿತವಾಗಿ ದೊರೆಯುತ್ತದೆ. ಧ್ಯಾನ, ಪ್ರಾಣಾಯಾಮಗಳನ್ನು ನಾನು ಅಲ್ಲಗಳೆಯುವವನಲ್ಲ, ದಿನವೂ ಮಾಡುತ್ತೇನೆ. ಆದರೆ ಹನ್ನೆರಡು ಗಂಟೆಗಳ ರಾತ್ರಿಪಾಳಿ ಮುಗಿಸಿದವರನ್ನು ಸಭಾಂಗಣದಲ್ಲಿ ಕೂರಿಸಿ ಒತ್ತಡನಿವಾರಣೆಯ ಕುರಿತು ಎರಡು ಗಂಟೆ ಉಪನ್ಯಾಸ ಮಾಡುವುದು, ಹಸಿದವನಿಗೆ ಪಾಕಶಾಸ್ತ್ರವನ್ನು ಓದಿ ಹೇಳಿದಂತೆ. ಅವರನ್ನು ಮನೆಗೆ ಕಳುಹಿಸಿದ್ದರೆ ಅದೇ ಚಿಕಿತ್ಸೆಯಾಗುತ್ತಿತ್ತು.

ಸಂಬಳದ ಮಾತನ್ನು ಸಂಕೋಚವಿಲ್ಲದೆ ಆಡಬೇಕು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯದ ನಿರ್ದೇಶನದಂತೆ ಕೇಂದ್ರ ಸರ್ಕಾರವು ನೇಮಿಸಿದ ಸಮಿತಿಯು, 200ಕ್ಕೂ ಹೆಚ್ಚು ಹಾಸಿಗೆಗಳುಳ್ಳ ಖಾಸಗಿ ಆಸ್ಪತ್ರೆಗಳು ಸರ್ಕಾರಿ ದಾದಿಯರಿಗೆ ಸಮಾನವಾದ ವೇತನವನ್ನು ಕೊಡಬೇಕೆಂದೂ, 50ಕ್ಕೂ ಕಡಿಮೆ ಹಾಸಿಗೆಗಳ ಆಸ್ಪತ್ರೆಗಳು ಸಹ ತಿಂಗಳಿಗೆ 20,000 ರೂಪಾಯಿಗಳಿಗೆ ಕಡಿಮೆ ಕೊಡಬಾರದೆಂದೂ ಶಿಫಾರಸು ಮಾಡಿತು. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ನರ್ಸಿಂಗ್ ಹೋಮುಗಳನ್ನು ನಡೆಸುವ ವೈದ್ಯರಿದ್ದಾರೆ. ತಮ್ಮ ವೇತನಪುಸ್ತಕವನ್ನು ತೆರೆದು ಈ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಬೇಕೆಂದು ಅವರಲ್ಲಿ ವಿನಂತಿಸುತ್ತೇನೆ. ಅಪ್ಪನ ಸಾಲಕ್ಕೂ ತಮ್ಮನ ಓದಿಗೂ ಆ ಸಂಬಳವೇ ಆಧಾರವಾಗಿರುವ ಹುಡುಗಿಯು ಗಲ್ಫ್ ದೇಶಕ್ಕೋ ಇಂಗ್ಲೆಂಡಿಗೋ ಹೊರಟರೆ ‘ನಾಡಸೇವೆ ಬಿಟ್ಟಳು’ ಎಂದು ಆಕ್ಷೇಪಿಸುವ ನೈತಿಕ ಅಧಿಕಾರ ನಮಗಿಲ್ಲ.

ದಾನಿಗಳಲ್ಲಿಯೂ ಒಂದು ಬಿನ್ನಹ. ಆಸ್ಪತ್ರೆಗೆ ಕಟ್ಟಡ, ಮಂಚ, ಯಂತ್ರಗಳನ್ನು ಕೊಡುವವರು ಬಹಳ. ಅವುಗಳ ಮೇಲೆ ಹೆಸರು ಕೆತ್ತಿಸಬಹುದು. ಹೊಸ ಹತ್ತು ಮಂಚಗಳು ಬಂದು ದಾದಿಯರು ಅಷ್ಟೇ ಮಂದಿ ಉಳಿದರೆ ಆ ದಾನವು ಅವರ ಬೆನ್ನಿನ ಮೇಲೆ ಬಿದ್ದಂತೆಯೇ ಸರಿ. ಹತ್ತು ಮಂಚಗಳನ್ನು ಕೊಡುವವರು ಇಬ್ಬರು ದಾದಿಯರ ಐದು ವರ್ಷಗಳ ವೇತನವನ್ನೂ ದತ್ತಿಯಾಗಿ ಇಡಲಿ. ಅದಾಗದಿದ್ದರೆ, ವಾರ್ಡಿನ ಮಗ್ಗುಲಲ್ಲಿ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ, ಮಲಗುವ ಮಂಚವೂ ಕುಡಿಯುವ ನೀರೂ ಶೌಚಾಲಯವೂ ಇರುವ ಒಂದು ವಿಶ್ರಾಂತಿಕೋಣೆಯನ್ನು ಕಟ್ಟಿಸಿಕೊಡಲಿ. ಹೆಸರಿನ ಕಲ್ಲನ್ನು ಅದರ ಬಾಗಿಲ ಮೇಲೆಯೇ ಹಾಕಿಸಿಕೊಳ್ಳಬಹುದು.

ಉಪಾಧ್ಯಾಯರಾದ ನಾವು ಮಾಡಬೇಕಾದುದು ಇನ್ನೂ ಸುಲಭ. ನರ್ಸಿಂಗ್ ಓದಲು ಹೊರಟ ವಿದ್ಯಾರ್ಥಿನಿಯು ಆಶೀರ್ವಾದ ಬೇಡಲು ಬಂದಾಗ ಸೇವೆಯೇ ಪರಮಧರ್ಮವೆಂಬ ನುಡಿಯೊಡನೆ, ನೇಮಕಾತಿಯ ಪತ್ರವನ್ನು ಓದದೆ ಸಹಿ ಮಾಡಬೇಡ, ಮೂಲ ಪ್ರಮಾಣಪತ್ರಗಳನ್ನು ಯಾರ ಬಳಿಯೂ ಒತ್ತೆಯಿಡಬೇಡ, ವಾರದ ರಜೆಯನ್ನು ಬಿಡಬೇಡ, ತಿಂಗಳಿಗೊಮ್ಮೆ ನಮಗೊಂದು ಮಾತು ಹೇಳು ಎಂದು ಹೇಳಿ ಕಳುಹಿಸೋಣ. ಆಕೆ ಕರೆಮಾಡಿದ ದಿನ ಪಾಠದ ನೆಪ ಹೇಳದೆ ಕುಳಿತು ಕೇಳೋಣ.